ಮೂವತ್ತರ ಆಣೆ

"ಬಾಯಿ ಬಿಟ್ಟು ಎಣ್ಸೋ ಬೋಳಿಮಗನೆ. ಹನ್ನೊಂದು ಆಯ್ತು, ಮುಂದಕ್ಕೆ?"

"ಹನ್ನೆರಡು" ಎಂದೆ.

ರಸ್ತೆ ಪಕ್ಕದ ಬೋರ್ಡಿನ ಮುಂದೆ ಎರಡೂ ಕಿವಿ ಹಿಡಿದುಕೊಂಡು ನಾನು ಬಸ್ಕಿ ಹೊಡೆಯುತ್ತಿದ್ದೆ. ಕೈಗೆ ಅಂಟಿದ್ದ ಟಾರು ಕಿವಿಗೂ ಮೆತ್ತಿಕೊಂಡಿತ್ತು. ಗುಂಡಿ ಮುಚ್ಚಲು ಕಾಯಿಸಿದ್ದ ಟಾರಿನ ಡ್ರಮ್ಮು ಪಕ್ಕದಲ್ಲಿ ಹೊಗೆಯಾಡುತ್ತಿತ್ತು. ಎದುರಿಗೆ ಕೊಬ್ಬರಿ ಮೂಟೆ ತುಂಬಿದ ಲಾರಿ. ಅದರ ಯಜಮಾನರು ಸದಾಶಿವಯ್ಯನವರು ಬಾಗಿಲು ತೆಗೆದು ಕಾಲು ಇಳಿಬಿಟ್ಟುಕೊಂಡು ಕೂತಿದ್ದರು. ಡ್ರೈವರ್ ಕರಿಬಸವಯ್ಯ ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡು ತೆಂಗಿನ ತೋಟದ ಕಡೆ ನೋಡುತ್ತಿದ್ದ.

ನನ್ನ ತಪ್ಪು ಇಷ್ಟೇ. ನನ್ನ ಸೋದರತ್ತೆಯ ಮಗಳು ಕಾಟಮ್ಮ ರಸ್ತೆಯಲ್ಲಿ ಕುರಿ ದಾಟಿಸುತ್ತಿದ್ದಾಗ ಈ ಲಾರಿ ಒಂದೇ ಸಮನೆ ಹಾರನ್ ಹೊಡೆದುಕೊಂಡು ಬಂದು, ಹಿಂದಿನ ಟಗರಿಗೆ ಒಂದು ಗೇಣು ದೂರದಲ್ಲಿ ನಿಂತಿತು. ನಾನು ಸಲಿಕೆ ಬಿಸಾಕಿ ಓಡಿಹೋಗಿ, "ಸ್ವಾಮಿ, ಇಲ್ಲಿ ಮೂವತ್ತರ ಮೇಲೆ ಓಡ್ಸಂಗಿಲ್ಲ ಕಣ್ರೀ. ಸರ್ಕಾರದ ಬೋರ್ಡು ಐತೆ" ಅಂದೆ.

"ಎಲ್ಲೈತಲಾ ಬೋರ್ಡು? ಅದು ನಿಮ್ಮ ಹಟ್ಟಿ ದೇವ್ರಲ್ವೇನೋ?" ಎಂದು ಅವರು ನಕ್ಕರು.

ನೋಡಿದರೆ ಹಾಗೆಯೇ ಕಾಣುತ್ತಿತ್ತು. ತಗಡಿನ ಮೇಲೆ ಅರಿಶಿನ, ಅದರ ಮೇಲೆ ಕುಂಕುಮ, ಅದರ ಮೇಲೆ ಎಣ್ಣೆ, ಒಂದು ಬೆರಳು ದಪ್ಪ. ಕೆಳಗೆ ಮೂವತ್ತು ಅಂತ ಐತೆ, ನಾನೇ ಬರೆದದ್ದು ಎಂದು ಹೇಳಿದೆ. ಹೇಳಬಾರದಿತ್ತೋ ಏನೋ. ಅವರ ನಗು ನಿಂತಿತು.

"ಮೂವತ್ತಾ? ಕುರಿ ನಾತ ಹೊಡೆಯೋ ನನ್ಮಗ ನನ್ನ ಲಾರಿಗೆ ಲಿಮಿಟ್ ಹೇಳ್ತಾನಲ್ಲಯ್ಯ, ಕರಿಬಸವ. ಸರಿ ಕಣ್ಲಾ. ನಿನ್ನ ದೇವ್ರ ಮುಂದೆ ಮೂವತ್ತು ಬಸ್ಕಿ ಹೊಡಿ. ಒಂದು ಕಮ್ಮಿಯಾದ್ರೆ ನಾಳೆಯಿಂದ ರಸ್ತೆ ಕೆಲ್ಸಕ್ಕೆ ಬರಬ್ಯಾಡ."

ಅವರು ಹೇಳಿದರೆ ಅದು ಆದ ಹಾಗೆಯೇ. ನಮ್ಮ ಓವರ್ಸಿಯರು ಊಟ ಮಾಡುವುದು ಅವರ ಮನೆಯಲ್ಲಿ. ಅದಕ್ಕೇ ಹೊಡೆದೆ. ಕುರಿಗೆ ಅರೆಗಳಿಗೆ ಕಾಯಲಾರದಷ್ಟು ಅವಸರವಿದ್ದ ಮನುಷ್ಯನಿಗೆ ಮೂವತ್ತು ಬಸ್ಕಿ ನೋಡುವಷ್ಟು ಪುರುಸೊತ್ತು ಇತ್ತು. ಮೂವತ್ತು ಮುಗಿದ ಮೇಲೆ ಮೂಟೆಯಿಂದ ಒಂದು ಉಂಡೆ ಕೊಬ್ಬರಿ ತೆಗೆದು ಬೋರ್ಡಿನ ಬುಡಕ್ಕೆ ಎಸೆದು, "ನೈವೇದ್ಯ ಮಾಡ್ಕೊ" ಎಂದು ಹೇಳಿ ಹೋದರು.

ಕಾಟಮ್ಮ ಕುರಿಕೋಲು ಊರಿಕೊಂಡು ಎಲ್ಲವನ್ನೂ ನೋಡಿದ್ದಳು. ಹತ್ತಿರ ಬಂದು ಸೆರಗಿನ ತುದಿಯಿಂದ ನನ್ನ ಕಿವಿ ಒರೆಸಿದಳು. ಟಾರು ಸೆರಗಿಗೆ ಹತ್ತಿತೇ ಹೊರತು ಕಿವಿಯಿಂದ ಹೋಗಲಿಲ್ಲ.

"ಬುಡು ಬಾವ. ಆಣೆ ಮೀರ್ದೋನು ಉದ್ಧಾರ ಆಗಲ್ಲ" ಎಂದಳು.

ನನಗೆ ಅವಳ ಮುಖ ನೋಡಲಾಗಲಿಲ್ಲ. ಅವಳನ್ನು ನನಗೇ ಕೊಡುವ ಮಾತು ಹಟ್ಟಿಯಲ್ಲಿ ನಡೆದಿತ್ತು. ಅಂಥವಳ ಮುಂದೆ ಕಿವಿ ಹಿಡಿದುಕೊಂಡು ಕುಕ್ಕರಿಸಿದ್ದೆನಲ್ಲ. "ಇದ್ನ ಯಾರ್ಗೂ ಯೋಳ್ಬ್ಯಾಡ ಕಣೇ. ನಿಮ್ಮವ್ವಂಗಂತೂ ಬ್ಯಾಡವೇ ಬ್ಯಾಡ" ಎಂದು ಬೇಡಿಕೊಂಡೆ. ಆಗಲಿ ಎಂದಳು. ಮಾತು ಉಳಿಸಿಕೊಂಡಳು. ಅದು ಸೋಮವಾರ.

ಆ ಬೋರ್ಡು ದೇವರಾದದ್ದು ನನ್ನಿಂದ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ನಮ್ಮ ಹಟ್ಟಿ ಇರುವುದು ಕಿಬ್ಬನಹಳ್ಳಿಗೆ ಹೋಗುವ ಟಾರು ರಸ್ತೆಯ ಪಕ್ಕದಲ್ಲಿ. ಬೇಲಿ ದಾಟಿದರೆ ರಸ್ತೆ, ರಸ್ತೆ ದಾಟಿದರೆ ಕುರಿ ಮೇಯುವ ಗುಡ್ಡ. ಕಂದಿಕೆರೆ ಕಡೆಯಿಂದ ತಿಪಟೂರಿನ ಮಾರ್ಕೆಟ್ಟಿಗೆ ಹೋಗುವ ಕೊಬ್ಬರಿ ಲಾರಿಗಳಿಗೆಲ್ಲ ಇದೇ ದಾರಿ. ಒಂದೇ ವರ್ಷದಲ್ಲಿ ನಮ್ಮ ಹದಿನಾಲ್ಕು ಕುರಿ, ಒಂದು ನಾಯಿ ಚಕ್ರಕ್ಕೆ ಸಿಕ್ಕಿದ ಮೇಲೆ ಹಟ್ಟಿಯವರು ಅರ್ಜಿ ಕೊಟ್ಟರು. ಅರ್ಜಿ ಬರೆದವನು ನಾನು, ಏಳನೇ ಕ್ಲಾಸು ಓದಿದವನು. ಎಪ್ಪತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ಇಲಾಖೆಯಿಂದ ಒಂದು ಖಾಲಿ ತಗಡು, ಒಂದು ಡಬ್ಬ ಕರಿ ಬಣ್ಣ ಬಂದವು. ಪೇಂಟರ್ ಬರಲಿಲ್ಲ. ನೀನೇ ಬರಿ ಎಂದು ಓವರ್ಸಿಯರು ಹೇಳಿದರು. 'ವೇಗದ ಮಿತಿ 30 ಕಿ.ಮೀ.' ಎಂದು ಬರೆದೆ. ಮೂರರ ಹೊಟ್ಟೆ ಸ್ವಲ್ಪ ದಪ್ಪಗಾಯಿತು. ಆದರೂ ನನ್ನ ಕೈಬರಹ ರಸ್ತೆಗೆ ಎದ್ದು ನಿಂತಾಗ ಎದೆಯುಬ್ಬಿತು.

ಇದರಲ್ಲೇನು ಬರೆದೈತೆ ಎಂದು ಹಟ್ಟಿಯೆಲ್ಲ ಸೇರಿ ಕೇಳಿತು. ವೇಗ, ಮಿತಿ, ಕಾನೂನು ಎಂದರೆ ಯಾರಿಗೆ ಅರ್ಥವಾಗಬೇಕು? ನಮ್ಮಲ್ಲಿ ಒಬ್ಬರ ಹೊಲಕ್ಕೆ ಇನ್ನೊಬ್ಬರು ಕಾಲಿಡಬಾರದು ಎಂದರೆ ಬದುವಿನ ಮೇಲೆ ಹಸಿ ಸೊಪ್ಪಿನ ಕೊಂಬೆ ಇಟ್ಟು ದೇವರಾಣೆ ಹಾಕುತ್ತಾರೆ. ಅದನ್ನು ದಾಟಿದವನನ್ನು ನಾನು ನೋಡಿಲ್ಲ. ದಾಟಿದರೆ ರಕ್ತ ಕಾರಿ ಸಾಯುತ್ತಾನೆ ಎಂದು ನಂಬಿ ಬೆಳೆದವರು ನಾವು. ಅದಕ್ಕೆ ನಾನು, "ಇದು ಸರ್ಕಾರದ ಆಣೆ. ಮೂವತ್ತರ ಮೇಲೆ ಯಾವನೂ ಓಡ್ಸಂಗಿಲ್ಲ" ಎಂದುಬಿಟ್ಟೆ. ಜನ ತಲೆಯಾಡಿಸಿದರು. ಅಷ್ಟು ಜನ ನನ್ನ ಮಾತಿಗೆ ತಲೆಯಾಡಿಸಿದ್ದು ಅದೇ ಮೊದಲು. ಸುಖವಾಯಿತು.

ಆ ತಿಂಗಳು ಯಾರೋ ಮಂತ್ರಿ ಬರುತ್ತಾರೆಂದು ಪೊಲೀಸ್ ಜೀಪು ರಸ್ತೆಯಲ್ಲಿ ಹಿಂದೆ ಮುಂದೆ ತಿರುಗುತ್ತಿತ್ತು. ಲಾರಿಗಳು ಮದುಮಗಳ ಹಾಗೆ ತಲೆತಗ್ಗಿಸಿಕೊಂಡು ಹೋದವು. ಒಂದು ಮರಿಯೂ ಸಾಯಲಿಲ್ಲ. ಹಟ್ಟಿಯವರು ಜೀಪಿನ ಲೆಕ್ಕ ಹಿಡಿಯಲಿಲ್ಲ, ಆಣೆಯ ಮಹಿಮೆ ಅಂದುಕೊಂಡರು. ಮೊದಲು ಬೋರ್ಡಿಗೆ ಅರಿಶಿನ ಕುಂಕುಮ ಹಚ್ಚಿದವಳು ಕಾಟಮ್ಮನ ತಾಯಿ, ನನ್ನ ಸೋದರತ್ತೆ ಭೈರಮ್ಮ. ಅಪ್ಪ ಸತ್ತ ಮೇಲೆ ನನ್ನನ್ನು ಸಾಕಿದವಳು, ಕುರಿ ಮಾರಿ ಸ್ಲೇಟು ಕೊಡಿಸಿದವಳು. ಆಮೇಲೆ ಎಲ್ಲ ಹೆಂಗಸರೂ ಹಚ್ಚಿದರು. ಮಂತ್ರಿ ಬಂದು ಹೋದರು, ಜೀಪು ಹೋಯಿತು, ಪೂಜೆ ಮಾತ್ರ ಉಳಿಯಿತು. ಕೊನೆಗೆ ಡ್ರೈವರುಗಳೂ ಬೋರ್ಡು ಬಂದಾಗ ಒಂದು ಕೈ ಬಿಟ್ಟು ಎದೆ ಮುಟ್ಟಿಕೊಂಡು, ಇನ್ನೂ ಜೋರಾಗಿ ಓಡಿಸತೊಡಗಿದರು.

ಬೋರ್ಡು ಒರೆಸುವುದು ನನ್ನ ಕೆಲಸ. ತಿಂಗಳಿಗೊಂದು ಸಲ ಒರೆಸಿದೆ ಎಂದು ಪುಸ್ತಕದಲ್ಲಿ ರುಜು ಹಾಕುತ್ತಿದ್ದೆ. ಒಂದು ದಿನವೂ ಒರೆಸಲಿಲ್ಲ. ಅತ್ತೆ ಹಚ್ಚಿದ ಕುಂಕುಮ ಅಳಿಸುವುದು ಹೇಗೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಿಜ ಬೇರೆ. ನಾನು ಬರೆದದ್ದಕ್ಕೆ ಜನ ಕೈಮುಗಿಯುವುದು ನನಗೆ ಇಷ್ಟವಾಗುತ್ತಿತ್ತು.

ಬುಧವಾರ ಮಾರ್ಕೆಟ್ಟಿನ ದಿನ. ನಾನು ಎರಡು ಫರ್ಲಾಂಗ್ ಆಚೆ ಜಲ್ಲಿ ಹರಡುತ್ತಿದ್ದೆ. ಸದಾಶಿವಯ್ಯನವರ ಲಾರಿ ನನ್ನನ್ನು ದಾಟಿ ಹೋದಾಗ ಬೀಸಿದ ಗಾಳಿಗೆ ತಲೆಯ ಮೇಲಿನ ಟವಲ್ಲು ಹಾರಿಬಿತ್ತು. ಅದನ್ನು ಎತ್ತಿಕೊಳ್ಳಲು ಬಗ್ಗಿದ್ದೆ, ಆ ಸದ್ದು ಕೇಳಿತು.

ಓಡಿದೆ. ಲಾರಿ ಬೋರ್ಡಿನಿಂದ ಬಹಳ ಮುಂದೆ ಹೋಗಿ ನಿಂತಿತ್ತು. ಕುರಿಗಳು ಗುಡ್ಡ ಹತ್ತದೆ ರಸ್ತೆಯಂಚಿಗೆ ಗುಂಪಾಗಿ ನಿಂತಿದ್ದವು. ಕಾಟಮ್ಮ ಬೋರ್ಡಿನ ನೇರಕ್ಕೆ, ರಸ್ತೆಯ ನಡುವೆ ಬಿದ್ದಿದ್ದಳು. ಮುಖ ನೋಡಿ ಗುರುತು ಹಿಡಿಯುವಂತಿರಲಿಲ್ಲ. ಸೆರಗಿನ ತುದಿಯಲ್ಲಿ ಟಾರಿನ ಕಲೆ ಇತ್ತು.

ಅವಳು ಆ ಕಡೆ ಈ ಕಡೆ ನೋಡದೆ ದಾಟಿದಳು ಎಂದು ಡ್ರೈವರ್ ಹೇಳಿದ. ಅದು ನಿಜವೇ ಇರಬೇಕು. ಬೋರ್ಡಿನ ಮುಂದೆ ಅವಳು ಯಾವತ್ತೂ ನೋಡಿ ದಾಟಿದವಳಲ್ಲ. ನೋಡಿಕೊಂಡು ಓಗೇ ಎಂದರೆ, ನಿನ್ನ ಆಣೆ ಐತಲ್ಲ ಬಾವ ಎಂದು ನನ್ನನ್ನೇ ಗೇಲಿ ಮಾಡುತ್ತಿದ್ದಳು.

ಕೇಸು ಆಯಿತು. ನಾನು ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಾಗಿದ್ದ ಹಿಂದಿನ ದಿನ ಓವರ್ಸಿಯರು ನನ್ನನ್ನು ಇಲಾಖೆಯ ಗೋಡೌನಿಗೆ ಕರೆಸಿಕೊಂಡರು. ಅಲ್ಲಿ ಇದ್ದದ್ದು ಎರಡು ಕುರ್ಚಿ. ಒಂದರಲ್ಲಿ ಅವರು, ಇನ್ನೊಂದರಲ್ಲಿ ಸದಾಶಿವಯ್ಯನವರು. ನಾನು ಟಾರಿನ ಡ್ರಮ್ಮುಗಳ ನಡುವೆ ನಿಂತೆ.

ನಾನು ಜೇಬಿನಲ್ಲಿ ಬೈಗುಳ ತುಂಬಿಕೊಂಡು ಹೋಗಿದ್ದೆ. ಸುಳ್ಳು ಹೇಳು ಎಂದರೆ ಮುಖಕ್ಕೆ ಉಗಿಯಬೇಕು ಎಂದುಕೊಂಡಿದ್ದೆ. ಅವರು ಸುಳ್ಳು ಹೇಳು ಎನ್ನಲಿಲ್ಲ.

"ನಿಜಾನೇ ಹೇಳು ಕಣಯ್ಯ" ಎಂದರು ಓವರ್ಸಿಯರು. "ನಂಬರು ಕಾಣ್ತಿತ್ತಾ ಅಂತ ಕೇಳ್ತಾರೆ. ಕಾಣ್ತಿರ್ಲಿಲ್ಲ ಅನ್ನು. ಕಾಣ್ತಿರ್ಲಿಲ್ಲ ತಾನೆ? ಅಷ್ಟೇ. ಕೇಳಿದ್ದಕ್ಕೆ ಮಾತ್ರ ಉತ್ತರ."

ಆಮೇಲೆ ನಾನು ರುಜು ಹಾಕಿದ್ದ ಪುಸ್ತಕವನ್ನು ಮೇಜಿನ ಮೇಲಿಟ್ಟರು. ಒರೆಸದೆ ರುಜು ಹಾಕಿದ್ದನ್ನು ಮೇಲಿನವರಿಗೆ ಬರೆದರೆ ಏನಾಗುತ್ತದೆ ಎಂದು ಕೇಳಿದರು. ತಾವು ಬರೆಯುವುದಿಲ್ಲ ಎಂದೂ ಅವರೇ ಹೇಳಿದರು. ದಿನಗೂಲಿಯವರನ್ನು ಕಾಯಂ ಮಾಡುವ ಪಟ್ಟಿ ಹೋಗುತ್ತಿದೆ, ನನ್ನ ಹೆಸರು ಮೊದಲನೆಯದು ಎಂದರು. ಹೊರಡುವಾಗ ಸದಾಶಿವಯ್ಯನವರು ಓವರ್ಸಿಯರಿಗೆ ಕೇಳದ ಹಾಗೆ ಹತ್ತಿರ ಬಂದು, "ಬಸ್ಕಿ ವಿಷ್ಯ ಯಾರ್ಗಾದ್ರೂ ಹೇಳಿದ್ದೀಯೇನ್ಲಾ?" ಎಂದು ಮೆಲ್ಲಗೆ ಕೇಳಿದರು.

"ಇಲ್ಲ ಸ್ವಾಮಿ" ಎಂದೆ.

"ಒಳ್ಳೇದು. ಮರ್ಯಾದೆಯಾಗಿ ಬದುಕೋನಿಗೆ ಅದೆಲ್ಲ ಯಾಕೆ?"

ಮಾರನೆಯ ದಿನ ಕೋರ್ಟಿನಲ್ಲಿ ಅವರ ವಕೀಲ ಒಂದು ಫೋಟೋ ತೋರಿಸಿದ. ಕುಂಕುಮ ಮೆತ್ತಿದ ಬೋರ್ಡು, ಬುಡದಲ್ಲಿ ತೆಂಗಿನಕಾಯಿ ಚಿಪ್ಪು, ಬಾಡಿದ ಹೂವು. ನೋಡಿದವರು ನಕ್ಕರು. ಇದರಲ್ಲಿ ಅಂಕಿ ಕಾಣುತ್ತದೆಯೇ ಎಂದು ಕೇಳಿದ. ಇಲ್ಲ ಎಂದೆ. ಅಪಘಾತದ ದಿನವೂ ಹೀಗೆಯೇ ಇತ್ತೇ? ಇತ್ತು. ಹೀಗೆ ಮಾಡಿದವರು ಯಾರು? ನಮ್ಮ ಹಟ್ಟಿಯ ಹೆಂಗಸರು. ಮೊದಲು ಹಚ್ಚಿದವರು ಯಾರು? ಭೈರಮ್ಮ, ಸತ್ತವಳ ತಾಯಿ. ಎಲ್ಲವೂ ನಿಜ. ಒಂದೊಂದು ನಿಜ ಹೇಳಿದಾಗಲೂ ಹಿಂದೆ ಬಾಗಿಲ ಹತ್ತಿರ ನೆಲದ ಮೇಲೆ ಕೂತಿದ್ದ ಅತ್ತೆ ಇನ್ನಷ್ಟು ಮುದುಡಿಕೊಂಡಳು.

ನನಗಿಂತ ಮೊದಲೇ ಸದಾಶಿವಯ್ಯನವರು, ಅಲ್ಲಿ ಲಿಮಿಟ್ ಇದೆಯೆಂಬುದೇ ತಮಗಾಗಲಿ ಡ್ರೈವರಿಗಾಗಲಿ ತಿಳಿಯದು, ಯಾವುದೋ ಹಟ್ಟಿ ದೇವರು ಅಂದುಕೊಂಡಿದ್ದೆವು ಎಂದು ಪ್ರಮಾಣ ಮಾಡಿ ಹೇಳಿದ್ದರು. ಕೊನೆಗೆ ನ್ಯಾಯಾಧೀಶರು ಕನ್ನಡಕ ತೆಗೆದು ನನ್ನ ಕಡೆ ನೋಡಿದರು. ಒಳ್ಳೆಯ ಮನುಷ್ಯ ಅನ್ನಿಸುತ್ತದೆ. ನಿನಗೆ ಇನ್ನೇನಾದರೂ ಹೇಳುವುದಿದೆಯೇನಪ್ಪ ಎಂದು ಕೇಳಿದರು.

ಇಡೀ ಲೋಕದಲ್ಲಿ ನನ್ನನ್ನು ಯಾರಾದರೂ ಹಾಗೆ ಕೇಳಿದ್ದು ಅದೊಂದೇ ಸಲ. ನನ್ನ ಕಿವಿ ಬಿಸಿಯಾಯಿತು. ಮೂವತ್ತು ಬಸ್ಕಿಯ ಮಾತನ್ನು ಬಲ್ಲವರು ನಾಲ್ಕೇ ಜನ. ಒಬ್ಬಳು ಸತ್ತಿದ್ದಳು, ಇಬ್ಬರು ಎದುರಿಗೆ ಕೂತಿದ್ದರು.

"ಇಲ್ಲ ಸ್ವಾಮಿ" ಎಂದೆ.

ಡ್ರೈವರನ್ನು ಬಿಟ್ಟರು. ಮಿತಿ ಎಷ್ಟೆಂದು ತಿಳಿಯುವಂತೆ ಬೋರ್ಡು ಇಲ್ಲದ ಮೇಲೆ ಮಿತಿ ಮೀರಿದ ಎನ್ನಲು ಬರುವುದಿಲ್ಲ, ಹುಡುಗಿಯೂ ನೋಡದೆ ದಾಟಿದ್ದಾಳೆ ಎಂದು ತೀರ್ಪಾಯಿತು. ಎರಡು ತಿಂಗಳಿಗೆ ನನ್ನ ಕಾಯಂ ಆರ್ಡರು ಬಂತು, ಖಾಕಿ ಅಂಗಿ ಬಂತು. ಅಂಗಿ ಹಾಕಿಕೊಂಡು ಹಟ್ಟಿಗೆ ಹೋದ ದಿನ ಅತ್ತೆ ನನ್ನ ತಲೆ ಸವರಿ, "ನೀನಾದ್ರೂ ದಡ ಸೇರ್ದಲ್ಲ" ಎಂದಳು. ಅವಳು ಬೈದಿದ್ದರೆ ಆ ರಾತ್ರಿ ನಿದ್ದೆ ಬರುತ್ತಿತ್ತು.

ಹಟ್ಟಿಯಲ್ಲಿ ಅವಳ ಬಾಳು ನಾಯಿಪಾಡಾಗಿತ್ತು. ತಾನೇ ಕುಂಕುಮ ಬಳಿದು ಮಗಳನ್ನು ತಿಂದುಕೊಂಡವಳು ಎಂದರು. ಅವಳ ಜೊತೆಗೇ ಕುಂಕುಮ ಹಚ್ಚಿದ್ದ ಹೆಂಗಸರೇ ಹಾಗೆ ಅಂದರು. ಅವಳ ಕೈಯ ಕುಂಕುಮವನ್ನು ಯಾರೂ ಇಟ್ಟುಕೊಳ್ಳಲಿಲ್ಲ. ಅವಳು ಯಾರ ಮೇಲೂ ಜಗಳಕ್ಕೆ ಹೋಗಲಿಲ್ಲ, ಏಕೆಂದರೆ ಅವಳೂ ಅದನ್ನೇ ನಂಬಿದ್ದಳು. ದಿನಾ ಬೆಳಿಗ್ಗೆ ಒಂದು ಚೊಂಬು ನೀರು, ಬೂದಿ, ತೆಂಗಿನ ನಾರು ಹಿಡಿದುಕೊಂಡು ರಸ್ತೆಗೆ ಹೋಗಿ ಬೋರ್ಡು ಉಜ್ಜುತ್ತಿದ್ದಳು. ಕುಂಕುಮ ಹೋಗಿ ಎಷ್ಟೋ ದಿನವಾಗಿತ್ತು. ಆಮೇಲೆ ಬಣ್ಣವೂ ಹೋಯಿತು. ನಾನು ಬರೆದ ಅಂಕಿ ಹೋಯಿತು, ಅಕ್ಷರ ಹೋಯಿತು. ಬರೀ ತಗಡು ಉಳಿದರೂ ಉಜ್ಜುವುದನ್ನು ಬಿಡಲಿಲ್ಲ. ನಾನು ದೂರದಲ್ಲಿ ಸಲಿಕೆ ಹಿಡಿದು ನಿಂತು ನೋಡುತ್ತಿದ್ದೆ. ಒಂದು ಮಾತು ಹೇಳಿದ್ದರೆ ಅವಳ ಕೈ ನಿಲ್ಲುತ್ತಿತ್ತು. ಎಂಟು ತಿಂಗಳು ಹೇಳಲಿಲ್ಲ.

ಯಾರೋ ದೊಡ್ಡ ಇಂಜಿನಿಯರು ರಸ್ತೆ ನೋಡಲು ಬರುತ್ತಾರೆಂದು ಓವರ್ಸಿಯರು ನನ್ನ ಕೈಗೆ ಬಣ್ಣದ ಡಬ್ಬ ಕೊಟ್ಟು, ಬೋರ್ಡು ಬರೆದುಬಿಡು ಎಂದರು. ಅಂದೂ ಬುಧವಾರವೇ. ನಾನು ಹೋದಾಗ ಅತ್ತೆ ಉಜ್ಜುತ್ತಿದ್ದಳು. ಬಣ್ಣ ನೋಡಿ ಪಕ್ಕಕ್ಕೆ ಸರಿದು ಕೂತಳು. ನಾನು ಮೊದಲು ಅಂಕಿಯಿಂದಲೇ ಶುರು ಮಾಡಿದೆ. ಮೂರು ಬರೆದೆ.

"ದೊಡ್ಡದಾಗಿ ಬರಿಯಲಾ ಜುಂಜಣ್ಣ" ಎಂದಳು ಅತ್ತೆ. "ಎಲ್ಲಾರ್ಗೂ ಕಾಣಂಗೆ ಬರಿ. ನನ್ನಂಗೆ ಇನ್ಯಾವ ತಾಯೂ ಮಗಳ್ನ ಕೊಲ್ಲಬಾರ್ದು."

ಸೊನ್ನೆ ಬರೆಯಲಾಗಲಿಲ್ಲ. ತಗಡಿನ ಕಡೆ ಮುಖ ಮಾಡಿಕೊಂಡೇ, ಅವಳನ್ನು ನೋಡದೆ ಹೇಳಿದೆ.

"ನೀನು ಕೊಲ್ಲಲಿಲ್ಲ ಅತ್ತೆ. ಅವ್ರಿಗೆ ಮೂವತ್ತು ಅಂತ ಗೊತ್ತಿತ್ತು. ಕಾಟಿ ಸಾಯೋ ಎಲ್ಡು ದಿನ ಮುಂಚೆ ನಾನೇ ಯೋಳಿದ್ದೆ."

ಎಲ್ಲವನ್ನೂ ಹೇಳಿದೆ. ಬಸ್ಕಿ, ಕೊಬ್ಬರಿ, ಗೋಡೌನು, ಕೋರ್ಟಿನಲ್ಲಿ ಹೇಳಿದ 'ಇಲ್ಲ'. ಅವಳು ಅಳುತ್ತಾಳೆ, ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಅವಳು ಕೈಯಲ್ಲಿದ್ದ ನಾರನ್ನು ನೋಡುತ್ತಲೇ ಕೇಳಿದಳು.

"ಕಾಟಿಗೆ ಗೊತ್ತಿತ್ತಾ?"

"ಅವ್ಳು ಅಲ್ಲೇ ನಿಂತಿದ್ಲು."

"ನಂಗ್ಯಾಕೆ ಯೋಳ್ಲಿಲ್ಲ ಅವ್ಳು?"

"ನಾನೇ ಬ್ಯಾಡ ಅಂದಿದ್ದೆ. ನಾಚ್ಕೆಗೆ."

ಕಂದಿಕೆರೆ ಕಡೆಯಿಂದ ಹಾರನ್ ಕೇಳಿಸಿತು. ಆ ಹಾರನ್ ಯಾರದೆಂದು ಹಟ್ಟಿಯಲ್ಲಿ ಎಲ್ಲರಿಗೂ ಗೊತ್ತು. ಅತ್ತೆ ಎದ್ದು ಸೀರೆ ಕೊಡವಿಕೊಂಡಳು. ಚೊಂಬನ್ನೂ ನಾರನ್ನೂ ಹಿಡಿದುಕೊಂಡೇ ನಡೆದು ಹೋಗಿ, ಕಾಟಮ್ಮ ಬಿದ್ದಿದ್ದ ಜಾಗದಲ್ಲಿ, ರಸ್ತೆಯ ನಟ್ಟ ನಡುವೆ ನಿಂತಳು. ನಾನು ಕೂಗಲಿಲ್ಲ. ಅವಳ ಮುಂದೆ ಹೋಗಿ ನಿಂತೆ.

ಲಾರಿ ಬ್ರೇಕು ಕಿರುಚಿಕೊಂಡು ನನ್ನ ಎದೆಯ ಹತ್ತಿರಕ್ಕೆ ಬಂದು ನಿಂತಿತು. ಬಾನೆಟ್ಟಿನ ಬಿಸಿ ಮುಖಕ್ಕೆ ಹೊಡೆಯಿತು. ಕರಿಬಸವಯ್ಯನ ಮುಖ ಬಿಳಿಚಿಕೊಂಡಿತ್ತು. ಸದಾಶಿವಯ್ಯನವರು ಬಾಗಿಲಿನಿಂದ ಅರ್ಧ ಹೊರಗೆ ಬಂದು, "ಸಾಯಕ್ಕೆ ನನ್ನ ಲಾರೀನೇ ಬೇಕೇನ್ಲಾ ಹಲ್ಕಾ ನನ್ಮಗನೆ? ಎಳ್ಕೊಂಡು ಹೋಗು ಆ ಮುದುಕೀನ" ಎಂದರು.

ಸದ್ದಿಗೆ ಹಟ್ಟಿಯ ಬೇಲಿಯ ಹತ್ತಿರ ಹೆಂಗಸರು, ಗಂಡಸರು ಬಂದು ನಿಂತರು. ಅತ್ತೆ ಸದಾಶಿವಯ್ಯನವರ ಕಡೆ ನೋಡಲೇ ಇಲ್ಲ. ನನ್ನನ್ನೇ ನೋಡುತ್ತಿದ್ದಳು.

"ಅವತ್ತೆಂಗೆ ಹೊಡ್ದೆ?" ಎಂದಳು. "ತೋರ್ಸು."

ಖಾಕಿ ಅಂಗಿಯ ತೋಳು ಮೇಲಕ್ಕೆ ಸರಿಸಿ ಎರಡೂ ಕಿವಿ ಹಿಡಿದುಕೊಂಡೆ. ಕುಕ್ಕರಿಸಿ ಎದ್ದೆ. ಒಂದು, ಎಂದೆ. ಗಟ್ಟಿಯಾಗಿ, ಬೇಲಿಯವರೆಗೂ ಕೇಳುವ ಹಾಗೆ ಎಂದೆ. ಎರಡು. ಮೂರು. ಸದಾಶಿವಯ್ಯನವರು ಹಾರನ್ ಒತ್ತು ಎಂದು ಡ್ರೈವರಿಗೆ ಹೇಳಿದರು. ಅವನು ಒತ್ತಿದ. ಹಾರನ್ನಿನ ಮೇಲೆ ನಾನು ಎಣಿಸಿದೆ. ಹಿಂದೆ ಒಂದು ಬಸ್ಸು ಬಂದು ನಿಂತಿತು, ಜನ ಇಳಿದು ಬಂದರು. ಏನಂತೆ ಎಂದು ಕೇಳಿದರು. ಹದಿಮೂರು. ಹದಿನಾಲ್ಕು. ಆರ್ಡರು ಕ್ಯಾನ್ಸಲ್ ಮಾಡಿಸ್ತೀನಿ, ಅಂಗಿ ಬಿಚ್ಚಿಸ್ತೀನಿ ಎಂದು ಅವರು ಕೂಗುತ್ತಿದ್ದರು. ಇಪ್ಪತ್ತೆರಡಕ್ಕೆ ಕರಿಬಸವಯ್ಯ ಹಾರನ್ನಿನಿಂದ ಕೈ ತೆಗೆದ. ಇಪ್ಪತ್ತೈದಕ್ಕೆ ಇಂಜಿನ್ನು ಆಫ್ ಮಾಡಿದ. ಆಮೇಲೆ ನನ್ನ ದನಿಯೊಂದೇ ಕೇಳುತ್ತಿತ್ತು.

"ಮೂವತ್ತು" ಎಂದು ಎದ್ದು ನಿಂತೆ. ಕಿವಿ ಬಿಟ್ಟು ಹಟ್ಟಿಯ ಕಡೆ ತಿರುಗಿದೆ. "ಈ ಮೂವತ್ತನ್ನ ನನ್ನ ಕೈಲಿ ಎಣಿಸ್ದೋರು ಇವ್ರೇ. ಕಾಟಿ ಸಾಯೋ ಎಲ್ಡು ದಿನ ಮುಂಚೆ, ಇದೇ ಜಾಗದಲ್ಲಿ. ಇವ್ರಿಗೆ ಗೊತ್ತಿತ್ತು. ಭೈರತ್ತೆ ಕುಂಕುಮದ್ದೇನೂ ತಪ್ಪಿಲ್ಲ. ನಂಗೂ ಗೊತ್ತಿತ್ತು. ಕೋರ್ಟಲ್ಲಿ ನಾನು ಬಾಯಿ ಬುಡ್ಲಿಲ್ಲ."

ಬೇಲಿಯ ಹತ್ತಿರ ನಿಂತಿದ್ದ ಮುದ್ದಕ್ಕ ಎಂಬ ಹೆಂಗಸು, ಅತ್ತೆಯ ಕೈಯ ಕುಂಕುಮ ಬೇಡವೆಂದವರಲ್ಲಿ ಮೊದಲನೆಯವಳು, ತನ್ನ ಕುರಿಗಳನ್ನು ರಸ್ತೆಗೆ ಅಟ್ಟಿದಳು. ಅವಳ ಹಿಂದೆ ಇನ್ನೊಬ್ಬಳು ಅಟ್ಟಿದಳು. ಲಾರಿಯ ಸುತ್ತ ರಸ್ತೆ ತುಂಬ ಕುರಿಯಾಯಿತು.

ಸದಾಶಿವಯ್ಯನವರು ಗಡಿಯಾರ ನೋಡಿಕೊಂಡರು. ಮಾರ್ಕೆಟ್ಟಿನ ಹೊತ್ತು ಮೀರುತ್ತಿತ್ತು. ಬಸ್ಸಿನವರಲ್ಲಿ ಯಾರೋ ಪೊಲೀಸರಿಗೆ ಹೇಳಲು ಯಾರದೋ ಸೈಕಲ್ಲು ಇಸಿದುಕೊಂಡು ಹೋದರು. ಪೊಲೀಸರು ಬಂದರೆ ಯಾರನ್ನು ಹಿಡಿಯುತ್ತಾರೆ ಎಂದು ನನಗೆ ಗೊತ್ತಿತ್ತು. ಬೋರ್ಡಿನ ಮೇಲೆ ಮೂರರ ಅಂಕಿ ಮಾತ್ರ ಹಸಿಯಾಗಿ ಹೊಳೆಯುತ್ತಿತ್ತು.

ಅತ್ತೆ ಚೊಂಬನ್ನು ಪಕ್ಕದಲ್ಲಿಟ್ಟು ಲಾರಿಯ ಮುಂದಿನ ಚಕ್ರಕ್ಕೆ ಬೆನ್ನು ಕೊಟ್ಟು ಟಾರಿನ ಮೇಲೆ ಕೂತಳು. ಎಂಟು ತಿಂಗಳಲ್ಲಿ ಮೊದಲ ಸಲ ಅವಳ ಕೈ ಸುಮ್ಮನೆ ಮಡಿಲಲ್ಲಿ ಇತ್ತು. ನಾನೂ ಹೋಗಿ ಪಕ್ಕದಲ್ಲಿ ಕೂತೆ.

ಅತ್ತೆ ಚೊಂಬನ್ನು ಎತ್ತಿಕೊಂಡು ನನ್ನಿಂದ ಸ್ವಲ್ಪ ಆಚೆಗೆ ಸರಿದು ಕೂತಳು.